ಪ್ಲೇಆಫ್‌ನಲ್ಲಿ ಸ್ಟಾರ್ ಗಾರ್ಡ್‌ಗಳು ಒಬ್ಬರನ್ನೊಬ್ಬರು ಕಾಯುವುದೇ ಇಲ್ಲ, ಮತ್ತೆ ಜಿದ್ದು ಎಲ್ಲಿದೆ?

ಎಡಗೈ ಫ್ಲೋಟರ್:

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪ್ಲೇಆಫ್ ಬಂತೆಂದರೆ ಟಿವಿಯವರಿಗೆ ಎರಡು ಮುಖ ಎದುರಾಬದುರು ಬೇಕು, ಅದರಲ್ಲೂ ಚೆಂಡು ತಂದು ಆಟ ಕಟ್ಟುವ ಗಾರ್ಡ್‌ಗಳ ಮುಖ. 2025ರ ಈಸ್ಟರ್ನ್ ಕಾನ್ಫರೆನ್ಸ್ (ಲೀಗ್‌ನ ಪೂರ್ವ ಅರ್ಧ) ಫೈನಲ್‌ಗೆ ಒಂದು ಕಡೆ ನ್ಯೂಯಾರ್ಕ್ ನಿಕ್ಸ್‌ನ ಜೇಲನ್ ಬ್ರನ್ಸನ್, ಇನ್ನೊಂದು ಕಡೆ ಇಂಡಿಯಾನ ಪೇಸರ್ಸ್‌ನ ಟೈರೀಸ್ ಹ್ಯಾಲಿಬರ್ಟನ್. ಆಟ ಶುರುವಾದ ಮೇಲೆ ನೋಡಿದರೆ ಬ್ರನ್ಸನ್‌ನನ್ನು ಕಾಯುವುದು, ಅಂದರೆ ಡಿಫೆನ್ಸ್‌ನಲ್ಲಿ ಮುಂದೆ ನಿಂತು ತಡೆಯುವುದು, ಪೇಸರ್ಸ್‌ನ ನೆಸ್ಮಿತ್ ಅಥವಾ ನೆಮ್‌ಹಾರ್ಡ್. ಹ್ಯಾಲಿಬರ್ಟನ್ ಬೆನ್ನು ಹತ್ತುವುದು ನಿಕ್ಸ್‌ನ ಬ್ರಿಡ್ಜಸ್ ಅಥವಾ ಅನುನೋಬಿ. ಪೋಸ್ಟರ್‌ನಲ್ಲಿದ್ದ ಇಬ್ಬರು ಮುಖಾಮುಖಿ ನಿಲ್ಲುವುದೇ ಅಪರೂಪ.

ಹಾಗಾಗಿ ಮೂರು ಪ್ರಶ್ನೆ. ಇಬ್ಬರೂ ಎದುರಾಗದಿದ್ದರೆ ಯಾರು ಯಾರನ್ನು ಮೀರಿಸಿದರು ಎಂದು ಅಳೆಯುವುದು ಹೇಗೆ? ಮೊದಲ ಪಂದ್ಯದಲ್ಲಿ ಬ್ರನ್ಸನ್ 43 ಅಂಕ ಹೊಡೆದೂ ತಂಡ ಸೋತಿತು, ಹ್ಯಾಲಿಬರ್ಟನ್ 31ಕ್ಕೆ ಗೆದ್ದ. ಇದು ಬರೀ ಅದೃಷ್ಟವೇ? ಮೂರನೆಯದು, ಹೊಸ ಜೋಡಿಗಳಲ್ಲಿ (ಒಕ್ಲಹೋಮದ ಶೇ ಗಿಲ್ಜಸ್-ಅಲೆಕ್ಸಾಂಡರ್–ಮಿನೆಸೋಟದ ಎಡ್ವರ್ಡ್ಸ್, ಲೂಕಾ ಡಾನ್ಚಿಚ್–ಎಡ್ವರ್ಡ್ಸ್, ಬ್ರನ್ಸನ್–ಡೆಟ್ರಾಯಿಟ್‌ನ ಕೇಡ್ ಕನ್ನಿಂಗ್‌ಹ್ಯಾಮ್) ಯಾವುದು ನಿಜವಾಗಿ ಬೇರು ಬಿಡುತ್ತದೆ? 'ಇವನಿಗೆ ಛಲ ಜಾಸ್ತಿ' ಅನ್ನೋ ಥರದ ಉತ್ತರ ಬೇಡ, ಅಂಕಣದಲ್ಲಿ ಏನಾಗುತ್ತದೆ ಅನ್ನೋದನ್ನ ಹೇಳಿ.

ಸ್ಕ್ರೀನ್ ಮೇಷ್ಟ್ರು:

ಎದುರಾಗುವುದಿಲ್ಲ ಎನ್ನುವುದು ಅರ್ಧ ನಿಜ. ತನ್ನ ಸ್ಟಾರ್‌ನನ್ನು ಎದುರಾಳಿ ಸ್ಟಾರ್‌ನ ಕಣ್ಣಿಗೆ ಬೀಳದಂತೆ ಬಚ್ಚಿಡುವುದು ಕೋಚ್‌ನ ಮೊದಲ ಕೆಲಸ. ಬಚ್ಚಿಟ್ಟವನನ್ನು ಎಳೆದು ಹೊರಗೆ ತರುವುದು ಆ ಕಡೆಯವರ ಮೊದಲ ಕೆಲಸ. ನೀವು ಕೇಳುತ್ತಿರುವ ಜಿದ್ದು ಆ ಎಳೆದಾಟದಲ್ಲಿದೆ.

ಬಿಡಿಸಿ ಹೇಳುತ್ತೇನೆ. ಬ್ರನ್ಸನ್ 6 ಅಡಿ 2 ಅಂಗುಲ. ದಾಳಿಯಲ್ಲಿ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಅವನ ಕೈಯಲ್ಲಿ. ಅಂಥವನಿಗೆ ಡಿಫೆನ್ಸ್‌ನಲ್ಲಿ ಎದುರಾಳಿಯ ಐವರಲ್ಲಿ ಕಡಿಮೆ ಅಪಾಯದವನನ್ನು ಕೊಡುತ್ತಾರೆ. ದೂರದಿಂದ ಹೊಡೆಯಲು ಬಾರದವನೊಬ್ಬ ಅಲ್ಲಿದ್ದರೆ ಬಚ್ಚಿಡುವುದು ಸುಲಭ, ಅವನನ್ನು ಬಿಟ್ಟು ಪೇಂಟ್‌ನಲ್ಲಿ (ಬುಟ್ಟಿಯ ಮುಂದಿನ ಬಣ್ಣದ ಜಾಗದಲ್ಲಿ) ನಿಂತರಾಯಿತು. ಪೇಸರ್ಸ್ ವಿರುದ್ಧ ಈ ಆಟ ನಡೆಯಲಿಲ್ಲ. ಅವರ ಆಗಿನ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದವನು) ಮೈಲ್ಸ್ ಟರ್ನರ್ ಕೂಡ ತ್ರೀ, ಅಂದರೆ ಮೂರು ಅಂಕದ ದೂರದ ಎಸೆತ, ಹೊಡೆಯುತ್ತಿದ್ದ. ಐವರೂ ಹೊಡೆಯುವವರಾದಾಗ ಬಚ್ಚಿಡಲು ಮೂಲೆಯೇ ಉಳಿಯುವುದಿಲ್ಲ.

ಈಗ ಬ್ರನ್ಸನ್ ನೆಸ್ಮಿತ್‌ನನ್ನು ಕಾಯುತ್ತಿದ್ದಾನೆ ಎನ್ನಿ. ಹ್ಯಾಲಿಬರ್ಟನ್ ನೆಸ್ಮಿತ್‌ನನ್ನೇ ಸ್ಕ್ರೀನ್ ಹಾಕಲು, ಅಂದರೆ ತನ್ನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲಲು, ಕರೆಯುತ್ತಾನೆ. ನಿಕ್ಸ್ ಮುಂದೆ ಮೂರು ದಾರಿ.

ಒಂದು, ಸ್ವಿಚ್, ಅಂದರೆ ಕಾಯುವವರಿಬ್ಬರು ತಮ್ಮ ಆಳನ್ನು ಬದಲಿಸಿಕೊಳ್ಳುವುದು. ಬ್ರನ್ಸನ್ ಈಗ ಹ್ಯಾಲಿಬರ್ಟನ್ ಮುಂದೆ. 6 ಅಡಿ 5 ಅಂಗುಲದವನಿಗೆ ಅವನ ತಲೆಯ ಮೇಲಿಂದ ಇಡೀ ಅಂಕಣ ಕಾಣುತ್ತದೆ. ಹ್ಯಾಲಿಬರ್ಟನ್‌ಗೆ ಮುಖ್ಯ ಆಯುಧ ಪಾಸ್. ಪಾಸ್ ಮಾಡುವವನಿಗೆ ಕಣ್ಣು ಬಿಟ್ಟುಕೊಟ್ಟರೆ ಮುಗಿಯಿತು.

ಎರಡು, ಮುಂದೆ ಬಂದು ತಡೆದು ವಾಪಸ್ ಓಡುವುದು. ಇದನ್ನೇ ಶೋ ಅನ್ನುತ್ತಾರೆ. ಬ್ರನ್ಸನ್ ಒಂದು ಸೆಕೆಂಡಿನಷ್ಟು ಹೊರಬಂದು ದಾರಿ ಅಡ್ಡಗಟ್ಟಿ, ಬ್ರಿಡ್ಜಸ್ ಸ್ಕ್ರೀನ್ ದಾಟಿ ಬಂದ ಕೂಡಲೇ ತನ್ನವನ ಕಡೆ ಹಿಂತಿರುಗುತ್ತಾನೆ. ಸ್ವಿಚ್ ತಪ್ಪಿತು, ಆದರೆ ಆ ಒಂದು ಸೆಕೆಂಡು ಇಬ್ಬರು ಚೆಂಡಿನ ಮೇಲಿದ್ದಾರೆ. ಸ್ಕ್ರೀನ್ ಹಾಕುವವನು ಬುದ್ಧಿವಂತನಾದರೆ ಮೈ ತಾಗಿಸುವುದೇ ಇಲ್ಲ, ಹಾಕಿದಂತೆ ಮಾಡಿ ತ್ರೀ ಗೆರೆಯತ್ತ ಜಾರಿಬಿಡುತ್ತಾನೆ. ಇದಕ್ಕೆ ಗೋಸ್ಟ್ ಸ್ಕ್ರೀನ್ ಅಂತ ಹೆಸರು. ಬ್ರನ್ಸನ್ ಮುಂದೆ ಬಂದಾಗಿದೆ, ಅವನ ಮನುಷ್ಯ ಹಿಂದೆ ಖಾಲಿ.

ಮೂರು, ಸ್ಕ್ರೀನ್ ಬರುವ ಮುಂಚೆಯೇ ಅದಲುಬದಲು. ನೆಸ್ಮಿತ್ ಮೇಲೆ ಬರುವುದು ಕಂಡ ತಕ್ಷಣ ಬೇರೊಬ್ಬ ಅವನನ್ನು ತೆಗೆದುಕೊಂಡು ಬ್ರನ್ಸನ್‌ನನ್ನು ಮೂಲೆಗೆ ಕಳಿಸುತ್ತಾನೆ. ಕಾಗದದ ಮೇಲೆ ಇದೇ ಅತ್ಯುತ್ತಮ. ಆದರೆ ಪೇಸರ್ಸ್ ಓಡುವ ವೇಗದಲ್ಲಿ ಕೂಗಿ ಹೇಳುವಷ್ಟು ಹೊತ್ತು ಸಿಗಬೇಕಲ್ಲ. ಗದ್ದಲದಲ್ಲಿ ಒಬ್ಬನಿಗೆ ಕೇಳಿಸದಿದ್ದರೆ ಇಬ್ಬರು ಒಬ್ಬನ ಹಿಂದೆ ಓಡುತ್ತಾರೆ, ಇನ್ನೊಬ್ಬ ಒಂಟಿ.

ಬ್ರನ್ಸನ್ ಒಬ್ಬನೇ ಆಗಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಜೊತೆಗೆ ಕಾರ್ಲ್-ಆಂಟನಿ ಟೌನ್ಸ್ ಇದ್ದ. ಕಾಯುವುದರಲ್ಲಿ ಸಡಿಲವಾದ ಗಾರ್ಡ್, ಸಡಿಲವಾದ ಸೆಂಟರ್, ಇಬ್ಬರನ್ನೂ ಒಂದೇ ಸ್ಕ್ರೀನ್‌ನಲ್ಲಿ ಸಿಕ್ಕಿಸಿದರೆ ಹಿಂದೆ ಕಾಯುವವರಿಲ್ಲ. ಎರಡು ಪಂದ್ಯ ಸೋತ ಮೇಲೆ ಮೂರನೆಯದಕ್ಕೆ ಜಾಶ್ ಹಾರ್ಟ್‌ನನ್ನು ಬೆಂಚಿಗೆ ಕೂರಿಸಿ ಮಿಚೆಲ್ ರಾಬಿನ್ಸನ್‌ನನ್ನು ಮೊದಲ ಐವರಲ್ಲಿ ಆಡಿಸಿದ್ದು ಇದಕ್ಕೇ. ಗಾರ್ಡ್ ಹಿಂದೆ ಒಂದು ಗೋಡೆ ಬೇಕಿತ್ತು.

ಈಗ ಬ್ರನ್ಸನ್ ದಾಳಿಯ ಕಡೆ ಬನ್ನಿ. ಅವನಿಗೆ ಡ್ರಾಪ್ ಕೊಟ್ಟರೆ, ಅಂದರೆ ಸೆಂಟರ್ ಹಿಂದೆಯೇ ನಿಂತರೆ, ಬುಟ್ಟಿಯಿಂದ 10–14 ಅಡಿಯಲ್ಲಿ ಎರಡೂ ಕಾಲಲ್ಲಿ ನಿಂತುಬಿಡುತ್ತಾನೆ. ನಿಂತ ಮೇಲೆ ಪಿವಟ್ (ಒಂದು ಕಾಲೂರಿ ತಿರುಗುವುದು), ಪಂಪ್ ಫೇಕ್ (ಎಸೆಯುವ ನಟನೆ), ಮತ್ತೆ ಪಿವಟ್. ಬೆನ್ನು ಹತ್ತಿ ಬಂದ ಡಿಫೆಂಡರ್ ಹಾರಿದರೆ ಫೌಲ್, ಹಾರದಿದ್ದರೆ ಎಡಗೈ ಫ್ಲೋಟರ್ (ಎತ್ತರಕ್ಕೆ ತೇಲಿಸುವ ಎಸೆತ). ಆದ್ದರಿಂದ ಪೇಸರ್ಸ್ ಸೆಂಟರನ್ನು ಸ್ಕ್ರೀನ್ ಇರುವ ಮಟ್ಟಕ್ಕೆ ಮೇಲೆ ತಂದರು, ನೆಸ್ಮಿತ್ ಹಿಂದಿನಿಂದ ಸೊಂಟಕ್ಕೆ ಅಂಟಿಕೊಂಡ. ಹಾಗೆ ಮಾಡಿಯೂ 43 ಹೊಡೆದ, ಅದನ್ನು ಒಪ್ಪಲೇಬೇಕು.

ಎರಡನೇ ಪ್ರಶ್ನೆಗೂ ಅರ್ಧ ಉತ್ತರ ಇಲ್ಲೇ ಇದೆ. ಗಾರ್ಡ್‌ನ ಲೆಕ್ಕದಲ್ಲಿ ಜಮೆಯ ಜೊತೆ ಖರ್ಚನ್ನೂ ಬರೆಯಬೇಕು. ಅವನನ್ನು ಗುರಿಯಾಗಿಸಿ ಎದುರಾಳಿ ಎಷ್ಟು ಸಲ ಆಡಿದರು, ಪ್ರತಿ ಸಲಕ್ಕೆ ಎಷ್ಟು ಅಂಕ ಬಂತು ಎಂಬುದು ಖರ್ಚಿನ ಕಾಲಂ. ಬಾಕ್ಸ್ ಸ್ಕೋರ್‌ನಲ್ಲಿ (ಪಂದ್ಯದ ಅಂಕಿಪಟ್ಟಿಯಲ್ಲಿ) ಆ ಕಾಲಂ ಇರುವುದಿಲ್ಲ.

ಗಡಿಯಾರ 24:

ಮೇಷ್ಟ್ರು ಸ್ಕ್ರೀನ್ ಬಗ್ಗೆ ಹೇಳಿದ್ರು, ನಾನು ಸ್ಕ್ರೀನ್‌ಗೆ ಮುಂಚಿನ 8 ಸೆಕೆಂಡಿನ ಬಗ್ಗೆ ಹೇಳ್ತೀನಿ. ಆ ಸರಣಿಯ ಅಸಲಿ ಕಥೆ ಅಲ್ಲಿದೆ ಗುರೂ.

ಅಂಕಣ 94 ಅಡಿ ಉದ್ದ. ಅರ್ಧ ಗೆರೆ ದಾಟೋಕೆ 8 ಸೆಕೆಂಡು, ಹೊಡೆಯೋಕೆ ಒಟ್ಟು 24. ಯಾರೂ ತಡೆಯದಿದ್ರೆ ಗಾರ್ಡ್ 4 ಸೆಕೆಂಡಲ್ಲಿ ಆರಾಮಾಗಿ ದಾಟ್ತಾನೆ, ಗಡಿಯಾರದಲ್ಲಿ 18 ಇರೋವಾಗ ಮೊದಲ ಸ್ಕ್ರೀನ್ ಬರುತ್ತೆ. ಅದು ಕೆಟ್ಟರೆ ಎರಡನೇದು, ಅದೂ ಕೆಟ್ಟರೆ ಮೂರನೇದಕ್ಕೂ ಹೊತ್ತಿರುತ್ತೆ. ಈಗ ನೆಮ್‌ಹಾರ್ಡೋ ನೆಸ್ಮಿತ್ತೋ ಮೆಕಾನಲ್ಲೋ ಆ ಕಡೆ ಬುಟ್ಟಿಯ ಕೆಳಗಿಂದಲೇ ಎದೆಗೆ ಎದೆ ಕೊಟ್ಟು ನಿಲ್ತಾನೆ ಅಂದ್ಕೊಳ್ಳಿ. ಚೆಂಡು ಕದಿಯೋದು ಅವನ ಉದ್ದೇಶವೇ ಅಲ್ಲ. ಬ್ರನ್ಸನ್ ಬೆನ್ನು ತಿರುಗಿಸಿ, ಅಡ್ಡಡ್ಡ ಡ್ರಿಬಲ್ ಮಾಡ್ಕೊಂಡು ಬರಬೇಕು, ಅಷ್ಟೇ ಸಾಕು. ದಾಟೋಷ್ಟರಲ್ಲಿ 7 ಸೆಕೆಂಡು ಹೋಯ್ತು, ಮೊದಲ ಸ್ಕ್ರೀನ್ 14ಕ್ಕೆ ಬಂತು. ಅದೊಂದು ಕೆಟ್ಟರೆ ಕೈಯಲ್ಲಿ 7–8 ಸೆಕೆಂಡು ಮಾತ್ರ, ಆಮೇಲೆ ಒಬ್ಬನೇ ಹೆಣಗಾಡಬೇಕು. ಮೂರು ಅವಕಾಶ ಒಂದೂವರೆ ಆಯ್ತು.

ಇದರ ಪೆಟ್ಟು ಮೊದಲ ಕ್ವಾರ್ಟರ್‌ನಲ್ಲಿ ಕಾಣೋದೇ ಇಲ್ಲ. ನಾಲ್ಕನೇದರಲ್ಲಿ ಎಸೆತ ಬುಟ್ಟಿಯ ಮುಂಚಿನ ಅಂಚಿಗೆ ತಾಗಿ ಬೀಳೋಕೆ ಶುರುವಾದ್ರೆ ಕಾಲು ಸೋತಿದೆ ಅಂತ ಅರ್ಥ. ಎಡಕ್ಕೋ ಬಲಕ್ಕೋ ಹೋದ್ರೆ ಅದು ಕೈಯ ತಪ್ಪು. ಗಿಡ್ಡ ಬಿದ್ರೆ ಕಾಲಿಂದು.

ಹಾಗಾದ್ರೆ ಎಲ್ಲರೂ ಯಾಕೆ ಹೀಗೆ ಮಾಡಲ್ಲ? ಎರಡು ಕಾರಣ. ಬುಟ್ಟಿಯಿಂದ 80 ಅಡಿ ದೂರದಲ್ಲಿ ಆದ ಫೌಲೂ ಫೌಲೇ. ಕ್ವಾರ್ಟರ್‌ನ ಐದನೇ ಫೌಲ್‌ನಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ. ಆರು ನಿಮಿಷದಲ್ಲೇ ನಾಲ್ಕು ಫೌಲ್ ಸುಟ್ಕೊಂಡ್ರೆ ಉಳಿದ ಆರು ನಿಮಿಷ ಬ್ರನ್ಸನ್‌ನಂಥವನಿಗೆ ಹಬ್ಬ. ಎರಡನೇ ಕಾರಣ, ಕಾಯೋವನೂ ಸುಸ್ತಾಗ್ತಾನೆ. ಮೂರ್ನಾಲ್ಕು ಜನರನ್ನ ಸರದಿ ಮೇಲೆ ಬಿಡೋ ಬೆಂಚ್ ಬೇಕು. ಪೇಸರ್ಸ್ ಹತ್ರ ಇತ್ತು, ನಿಕ್ಸ್ ಹತ್ರ ಇರಲಿಲ್ಲ.

ಬೆಂಚ್ ಬಿಗಿ ಆದ್ರೆ ಏನಾಗುತ್ತೆ ಅನ್ನೋದಕ್ಕೆ ಅದೇ ವರ್ಷದ ಲೇಕರ್ಸ್–ಮಿನೆಸೋಟ ನಾಲ್ಕನೇ ಪಂದ್ಯ ನೋಡಿ. ದ್ವಿತೀಯಾರ್ಧ ಪೂರ್ತಿ ಲೇಕರ್ಸ್ ಅದೇ ಐವರನ್ನ ಆಡಿಸ್ತು, ಒಂದೂ ಬದಲಾವಣೆ ಇಲ್ಲ. ಆಂಟನಿ ಎಡ್ವರ್ಡ್ಸ್ 43 ಹೊಡೆದ, ಮಿನೆಸೋಟ 116–113.

ನಿಕ್ಸ್ ಉತ್ತರ ಕೊಡಲಿಲ್ಲ ಅಂತಲ್ಲ. ಚೆಂಡನ್ನ ಹಾರ್ಟ್ ಅಥವಾ ಬ್ರಿಡ್ಜಸ್ ತರೋದು, ಬ್ರನ್ಸನ್ ಚೆಂಡಿಲ್ಲದೆ ಓಡಿ ಬಂದು ಈ ಕಡೆ ಇಸ್ಕೊಳ್ಳೋದು. ಕಾಲು ಉಳಿಯುತ್ತೆ. ಆದ್ರೆ ಇಸ್ಕೊಳ್ಳೋಕೆ ಬಿಡದೆ ಅಡ್ಡ ನಿಂತ್ರೆ ಗಡಿಯಾರ ಮತ್ತೆ 15ಕ್ಕೆ ಬಂದಿರುತ್ತೆ. ಐದನೇ ಪಂದ್ಯದಲ್ಲಿ ನಿಕ್ಸ್ ಅದೇ ಮದ್ದನ್ನ ತಿರುಗಿಸಿ ಕುಡಿಸಿದ್ರು. ಬ್ರಿಡ್ಜಸ್ ಆ ಕಡೆಯಿಂದಲೇ ಹ್ಯಾಲಿಬರ್ಟನ್‌ಗೆ ಅಂಟಿಕೊಂಡ. ಹ್ಯಾಲಿಬರ್ಟನ್ 8 ಅಂಕ, 6 ಅಸಿಸ್ಟ್ (ಅಂಕವಾದ ಪಾಸ್), ನಿಕ್ಸ್ 111–94. ಅದರ ಹಿಂದಿನ ಪಂದ್ಯದಲ್ಲಿ ಇದೇ ಮನುಷ್ಯ 32 ಅಂಕ, 15 ಅಸಿಸ್ಟ್, 12 ರಿಬೌಂಡ್ (ತಪ್ಪಿದ ಎಸೆತ ಹಿಡಿದದ್ದು), ಒಂದೂ ಟರ್ನೋವರ್ (ಚೆಂಡು ಕಳ್ಕೊಂಡದ್ದು) ಇಲ್ಲ. ಒಂದು ಪಂದ್ಯದ ಅಂತರದಲ್ಲಿ ಇಷ್ಟು ವ್ಯತ್ಯಾಸ.

ಹಳೇ ಕ್ಯಾಸೆಟ್:

ಇಷ್ಟೆಲ್ಲ ತಂತ್ರ ಸರಿಯೇ ಮಾರಾಯ್ರೆ, ಆದರೆ ಮೊದಲ ಪಂದ್ಯದಲ್ಲಿ ಅದೃಷ್ಟಕ್ಕೆ ಪಾಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಮೂರು ನಿಮಿಷಕ್ಕಿಂತ ಕಡಿಮೆ ಉಳಿದಾಗ ನಿಕ್ಸ್ 14 ಅಂಕ ಮುಂದಿತ್ತು. ನೆಸ್ಮಿತ್ ನಾಲ್ಕನೇ ಕ್ವಾರ್ಟರ್ ಒಂದರಲ್ಲೇ ಆರು ತ್ರೀ ಹಾಕಿದ. ಕೊನೆಗೆ ಹ್ಯಾಲಿಬರ್ಟನ್ ಎಸೆದದ್ದು ರಿಮ್‌ನ ಹಿಂಬದಿಗೆ ತಾಗಿ, ಬೋರ್ಡಿಗಿಂತ ಮೇಲೆ ಹಾರಿ, ಮತ್ತೆ ಬುಟ್ಟಿಗೇ ಇಳಿಯಿತು. ಗೆದ್ದೆ ಎಂದುಕೊಂಡು ಕತ್ತು ಹಿಡಿಯುವ ಸನ್ನೆಯನ್ನೂ (ಎದುರಾಳಿ ಒತ್ತಡಕ್ಕೆ ಉಸಿರುಗಟ್ಟಿದ ಎಂಬ ಅಣಕ) ಮಾಡಿದ. ಕಾಲಿನ ತುದಿ ಗೆರೆಯ ಮೇಲಿತ್ತು, ಹಾಗಾಗಿ ಮೂರಲ್ಲ ಎರಡು, 125–125. ಓವರ್‌ಟೈಮ್‌ನಲ್ಲಿ 138–135. ಆ ಚೆಂಡು ಯಾವ ಕಡೆ ಇಳಿಯಬೇಕೆಂದು ಯಾವ ಸ್ಕ್ರೀನೂ ತೀರ್ಮಾನಿಸುವುದಿಲ್ಲ.

ಆದರೆ ಸನ್ನೆ ಎಲ್ಲಿಂದ ಬಂತು ಎಂಬುದು ಮುಖ್ಯ, ಜಿದ್ದು ಬೇರು ಬಿಡುವುದು ಅಲ್ಲಿಯೇ. 1994ರ ಜೂನ್ 1ರಂದು ನಿಕ್ಸ್‌ನ ತವರಾದ ಇದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪೇಸರ್ಸ್‌ನ ರೆಜ್ಜಿ ಮಿಲ್ಲರ್ ನಾಲ್ಕನೇ ಕ್ವಾರ್ಟರ್‌ನಲ್ಲಿ 25 ಅಂಕ ಹೊಡೆದು, ಎದುರು ಕೂತಿದ್ದ ನಿಕ್ಸ್ ಅಭಿಮಾನಿ, ಸಿನಿಮಾ ನಿರ್ದೇಶಕ ಸ್ಪೈಕ್ ಲೀಗೆ ಅದೇ ಸನ್ನೆ ತೋರಿಸಿದ್ದ. ಆ ಸರಣಿಯನ್ನು ಗೆದ್ದದ್ದು ನಿಕ್ಸ್, 4–3. ಮರುವರ್ಷ ಮೇ 7ರಂದು ಮಿಲ್ಲರ್ 8.9 ಸೆಕೆಂಡಿನಲ್ಲಿ 8 ಅಂಕ ತೆಗೆದ, ನಡುವೆ ನಿಕ್ಸ್‌ನ ಜಾನ್ ಸ್ಟಾರ್ಕ್ಸ್ ಎರಡು ಫ್ರೀ ಥ್ರೋ ತಪ್ಪಿಸಿಕೊಂಡ, ಪೇಸರ್ಸ್ 107–105. ಸರಣಿ 4–3ರಲ್ಲಿ ಪೇಸರ್ಸ್‌ಗೆ. ಒಮ್ಮೆ ಅವರು, ಒಮ್ಮೆ ಇವರು. 1993ರಲ್ಲಿ ಸ್ಟಾರ್ಕ್ಸ್ ಮಿಲ್ಲರ್‌ಗೆ ತಲೆಯಿಂದ ಗುದ್ದಿ ಪಂದ್ಯದಿಂದ ಹೊರಹಾಕಿಸಿಕೊಂಡದ್ದೂ ಆ ಲೆಕ್ಕಕ್ಕೇ ಸೇರಿದ್ದು. 2025ರ ಆ ರಾತ್ರಿ ಹ್ಯಾಲಿಬರ್ಟನ್ ಕತ್ತು ಹಿಡಿದಾಗ ಮಿಲ್ಲರ್ ಅದೇ ಅಂಕಣದ ಪಕ್ಕದಲ್ಲಿ ಕಾಮೆಂಟರಿಗೆ ಕೂತಿದ್ದ.

ಬ್ರನ್ಸನ್–ಹ್ಯಾಲಿಬರ್ಟನ್ ಲೆಕ್ಕ ಒಂದೇ ಕಡೆ ಬಿದ್ದಿದೆ. 2024ರಲ್ಲಿ ಏಳನೇ ಪಂದ್ಯ, 130–109, ಪೇಸರ್ಸ್ ಹೊಡೆದದ್ದರಲ್ಲಿ 67.1% ಒಳಗೆ ಹೋಯಿತು. ಬ್ರನ್ಸನ್ ಎಡಗೈ ಮುರಿದುಕೊಂಡ. 2025ರಲ್ಲಿ 4–2. ಎರಡೂ ಪೇಸರ್ಸ್. ಒಂದೇ ಕಡೆಯವರು ಗೆದ್ದರೆ ಅದಕ್ಕೆ ಸೇಡು ಬಾಕಿ ಎನ್ನಬಹುದು, ಜಿದ್ದು ಎನ್ನಲು ಸೋತವರೂ ಒಮ್ಮೆ ಗೆಲ್ಲಬೇಕು.

ಸ್ಕ್ರೀನ್ ಮೇಷ್ಟ್ರು:

ಕ್ಯಾಸೆಟ್ ಅವರೇ, 67.1% ಹೇಳುವಾಗ ಆ ಏಳನೇ ಪಂದ್ಯಕ್ಕೆ ನಿಕ್ಸ್ ಯಾವ ಸ್ಥಿತಿಯಲ್ಲಿ ಬಂದಿತ್ತು ಎಂಬುದನ್ನೂ ಸೇರಿಸಬೇಕು. ರ‍್ಯಾಂಡಲ್ ಇಲ್ಲ, ರಾಬಿನ್ಸನ್ ಇಲ್ಲ, ಎರಡನೇ ಪಂದ್ಯದಲ್ಲಿ ತೊಡೆಯ ಸ್ನಾಯು ಎಳೆದುಕೊಂಡ ಅನುನೋಬಿ ಕೆಲವೇ ನಿಮಿಷ ಆಡಿದ. ಗಾರ್ಡ್‌ಗಳ ಪೈಪೋಟಿ ಎಂದು ನಾವು ಅಳೆಯುವುದರಲ್ಲಿ ಅರ್ಧ ಪಾಲು ಹಿಂದಿರುವ ನಾಲ್ವರ ಮೈಕಟ್ಟು.

ನಿಮ್ಮ ಮಾತಿಗೆ ಪುಷ್ಟಿ ಕೊಡುವ ಇನ್ನೊಂದು ಉದಾಹರಣೆ ಇದೆ. 2020ರ ಬಬಲ್ (ಕೋವಿಡ್‌ನಿಂದಾಗಿ ಎಲ್ಲ ತಂಡಗಳನ್ನೂ ಒಂದೇ ಕಡೆ ಇಟ್ಟು ಆಡಿಸಿದ ಪ್ಲೇಆಫ್), ಡೆನ್ವರ್–ಯೂಟಾ ಮೊದಲ ಸುತ್ತು. ಯೂಟಾದ ಡಾನವನ್ ಮಿಚೆಲ್ ಮೊದಲ ಪಂದ್ಯದಲ್ಲಿ 57. ನಾಲ್ಕನೆಯದರಲ್ಲಿ ಮಿಚೆಲ್ 51, ಡೆನ್ವರ್‌ನ ಜಮಾಲ್ ಮರ್ರೆ 50. ಪ್ಲೇಆಫ್‌ನ ಒಂದೇ ಪಂದ್ಯದಲ್ಲಿ ಎರಡೂ ಕಡೆಯಿಂದ 50 ಮುಟ್ಟಿದ್ದು ಅದೇ ಮೊದಲು. ಮರ್ರೆ ಐದರಲ್ಲಿ 42, ಆರರಲ್ಲಿ 50. ಏಳನೇ ಪಂದ್ಯದ ಸ್ಕೋರ್ ಎಷ್ಟು? 80–78. ಮಿಚೆಲ್ 22, ಮರ್ರೆ 17.

ಇಬ್ಬರೂ ಒಂದೇ ರಾತ್ರಿ ಆಟ ಮರೆತರೇ? ಇಲ್ಲ. ಸೊಂಟದ ನೋವಿನಿಂದ ಹೊರಗಿದ್ದ ಡೆನ್ವರ್‌ನ ಗ್ಯಾರಿ ಹ್ಯಾರಿಸ್ ಆರನೇ ಪಂದ್ಯಕ್ಕೆ ವಾಪಸಾದ. ಮಿಚೆಲ್‌ನನ್ನು ಕಾಯುವ ಸರಿಯಾದ ಆಳು ಅವನೇ. ಏಳನೆಯದರ ಕೊನೆಯ ಸೆಕೆಂಡುಗಳಲ್ಲಿ ಮಿಚೆಲ್ ಕೈಯಿಂದ ಚೆಂಡು ತಪ್ಪಿಸಿದ್ದೂ ಹ್ಯಾರಿಸ್. ಯೂಟಾಗೆ ಆ ಮೇಲೂ ಒಂದು ಅವಕಾಶ ಸಿಕ್ಕಿತು, ಕಾನ್ಲಿಯ ತ್ರೀ ರಿಮ್ ಸುತ್ತಿ ಹೊರಬಿತ್ತು. 57 ಹೊಡೆದವನನ್ನು 22ಕ್ಕೆ ಇಳಿಸಿದ್ದರಲ್ಲಿ ಮರ್ರೆಯ ಪಾತ್ರ ಇಲ್ಲವೇ ಇಲ್ಲ. ಆದರೂ ನಾವು ಅದನ್ನು ಮರ್ರೆ–ಮಿಚೆಲ್ ಸರಣಿ ಎಂದೇ ಕರೆಯುತ್ತೇವೆ.

ಎಡಗೈ ಫ್ಲೋಟರ್:

ಖರ್ಚಿನ ಕಾಲಂ ಅಂದ್ರಲ್ಲ ಮೇಷ್ಟ್ರೇ, ಅದನ್ನ ಸಾಮಾನ್ಯ ನೋಡುಗ ಬರೆದುಕೊಳ್ಳೋದು ಹೇಗೆ? ಪ್ರತಿ ತಂಡಕ್ಕೂ ಪಂದ್ಯಕ್ಕೆ ಸುಮಾರು 100 ಸರದಿ (ಚೆಂಡು ಕೈಗೆ ಬಂದು ದಾಳಿ ಮಾಡೋ ಅವಕಾಶ) ಬರುತ್ತವೆ. ಎಲ್ಲಾ ಬರೆಯೋಕೆ ಆಗಲ್ಲ. ಮೂರನೇ ಪ್ರಶ್ನೆ ಇನ್ನೂ ಹಾಗೇ ಇದೆ.

ಗಡಿಯಾರ 24:

ಎಲ್ಲಾ ಬರೀಬೇಡಿ. ನಾಲ್ಕನೇ ಕ್ವಾರ್ಟರ್ ಮಾತ್ರ ತಗೊಳ್ಳಿ, 12 ನಿಮಿಷ, ಒಂದು ಕಡೆಗೆ 22–25 ಸರದಿ ಸಿಗುತ್ತೆ. ಒಬ್ಬ ಗಾರ್ಡ್‌ನ ಆರಿಸ್ಕೊಳ್ಳಿ, ಎರಡು ಹಾಳೆ ಇಟ್ಕೊಳ್ಳಿ.

ದಾಳಿಯ ಹಾಳೆಯಲ್ಲಿ ನಾಲ್ಕು ಕಾಲಂ. ಗಾರ್ಡ್ ಅರ್ಧ ಗೆರೆ ದಾಟಿದಾಗ ಗಡಿಯಾರ ಎಷ್ಟಿತ್ತು. ಸ್ಕ್ರೀನ್ ಹಾಕಿದವನನ್ನ ಕಾಯ್ತಿದ್ದವನು ಯಾರು (ಸ್ಕ್ರೀನ್ ಹಾಕಿದವನು ಯಾರು ಅಂತಲ್ಲ, ಎಲ್ಲರೂ ಎಡವೋದು ಇಲ್ಲೇ). ಡಿಫೆನ್ಸ್ ಏನು ಮಾಡ್ತು: ಡ್ರಾಪ್, ಸ್ವಿಚ್, ಶೋ, ಇಲ್ಲಾ ಬ್ಲಿಟ್ಜ್ (ಇಬ್ಬರೂ ಚೆಂಡಿನ ಮೇಲೆ ಎರಗೋದು). ಕೊನೆಗೆ ಚೆಂಡು ಯಾರ ಕೈಯಿಂದ ಹೊರಟಿತು. ಬಿತ್ತೋ ಇಲ್ವೋ ಅನ್ನೋದು ಆಮೇಲೆ, ಬೇರೆ ಬಣ್ಣದಲ್ಲಿ. ಮೊದಲೇ ಬರೆದ್ರೆ ಬಿದ್ದದ್ದೆಲ್ಲ ಒಳ್ಳೇ ಆಟ, ಬೀಳದ್ದೆಲ್ಲ ಕೆಟ್ಟ ಆಟ ಅನ್ಸುತ್ತೆ.

ಕಾಯುವ ಹಾಳೆಯಲ್ಲಿ ಒಂದೇ ಪ್ರಶ್ನೆ: ಈ ಸರದಿಯಲ್ಲಿ ನಮ್ಮ ಗಾರ್ಡ್‌ನ ಸ್ಕ್ರೀನ್ ಒಳಕ್ಕೆ ಎಳೆದ್ರಾ? ಹೌದು ಅಂದ್ರೆ ಒಂದು ಗೆರೆ. ಕ್ವಾರ್ಟರ್‌ಗೆ ಎಂಟು ಗೆರೆ ದಾಟಿದ್ರೆ ಅವನನ್ನ ಬೇಟೆ ಆಡ್ತಿದ್ದಾರೆ ಅಂತ ಅರ್ಥ.

ಬ್ಲಿಟ್ಜ್ ಬಂದ ಸರದಿಗಳನ್ನ ಬೇರೆಯಾಗೇ ನೋಡಿ. ಇಬ್ಬರು ಚೆಂಡಿನ ಮೇಲೆ ಬಂದಾಗ ಗಾರ್ಡ್ ಬೇಗ ಬಿಟ್ಟುಕೊಡಬೇಕು. ಸ್ಕ್ರೀನ್ ಹಾಕಿದವನಿಗೆ ಫ್ರೀ ಥ್ರೋ ಗೆರೆ ಹತ್ರ ಪಾಸ್ ಸಿಕ್ರೆ ಅಲ್ಲಿಂದ ದಾಳಿಯ ನಾಲ್ವರಿಗೆ ಕಾಯೋರು ಮೂವರೇ. ಅಲ್ಲಿ ಅವನಿಗೆ ಇರೋದು ಒಂದು ಡ್ರಿಬಲ್‌ನಷ್ಟು ಹೊತ್ತು, ನೋಟ ಮೊದಲು ಮೂಲೆಗೆ ಹೋಗಬೇಕು. ಅವನು ಚೆಂಡು ಹಿಡಿದು ಯೋಚನೆ ಮಾಡ್ತಾ ನಿಂತ್ರೆ ಬ್ಲಿಟ್ಜ್ ಗೆದ್ದಂಗೆ. ಆ ಸೋಲು ಗಾರ್ಡ್ ಲೆಕ್ಕಕ್ಕೆ ಹಾಕ್ಬೇಡಿ.

ಮೂಲೆಯವನು:

ಮೂರನೇ ಪ್ರಶ್ನೆಗೆ ಪ್ರಯತ್ನಿಸುತ್ತೇನೆ. ನಾನು ನೋಡುವುದು ಎರಡೇ ವಿಷಯ: ಇಬ್ಬರೂ ಒಂದೇ ಕಾನ್ಫರೆನ್ಸ್‌ನಲ್ಲಿದ್ದಾರೆಯೇ, ಮತ್ತು ಎರಡು ಭೇಟಿಗಳ ನಡುವೆ ಸುತ್ತಲಿನ ತಂಡ ಹಾಗೇ ಉಳಿಯುತ್ತದೆಯೇ. ಬೇರೆ ಬೇರೆ ಕಾನ್ಫರೆನ್ಸ್ ಆದರೆ ಪ್ಲೇಆಫ್‌ನಲ್ಲಿ ಸಿಗುವುದು ಫೈನಲ್‌ನಲ್ಲಿ ಮಾತ್ರ, ರೆಗ್ಯುಲರ್ ಸೀಸನ್‌ನಲ್ಲಿ ಎರಡೇ ಸಲ.

ಡಾನ್ಚಿಚ್–ಎಡ್ವರ್ಡ್ಸ್ ಎರಡನೆಯದರಲ್ಲಿ ಎಡವುತ್ತದೆ. 2024ರ ವೆಸ್ಟರ್ನ್ ಫೈನಲ್‌ನಲ್ಲಿ ಡಾನ್ಚಿಚ್ ಆಗ ಆಡುತ್ತಿದ್ದ ಡಲ್ಲಾಸ್ 4–1. ಎರಡನೇ ಪಂದ್ಯದ ಕೊನೆಯಲ್ಲಿ ಸ್ವಿಚ್ ಆಗಿ ಹೊರಬಂದ ಮಿನೆಸೋಟದ ಸೆಂಟರ್ ಗೊಬೇರ್ ಮುಂದೆ ಲೂಕಾ ಹಿಂದಕ್ಕೆ ಹೆಜ್ಜೆ ಇಟ್ಟು ಹೊಡೆದ ತ್ರೀ, 109–108, ಯಾರಿಗೆ ಮರೆತೀತು. 2025ರ ಮೊದಲ ಸುತ್ತಿನಲ್ಲಿ ಎಡ್ವರ್ಡ್ಸ್ ತಂಡ 4–1. ಕೇಳಲು ಸೇರಿಗೆ ಸವ್ವಾಸೇರು. ಆದರೆ ಮೊದಲ ಸಲ ಲೂಕಾ ಜೊತೆ ಕೈರಿ, ಮೇಲಕ್ಕೆ ಎಸೆದದ್ದನ್ನು ಹಿಡಿದು ತುರುಕಲು ಲೈವ್ಲಿ ಮತ್ತು ಗ್ಯಾಫರ್ಡ್ ಇದ್ದರು. ಆ ಇಬ್ಬರು ಸೆಂಟರ್‌ಗಳಿಂದ ಗೊಬೇರ್‌ಗೆ ಲೂಕಾನ ಕಡೆ ಮುಂದೆ ಬರಲೂ ಆಗುತ್ತಿರಲಿಲ್ಲ, ಹಿಂದೆ ಉಳಿಯಲೂ ಆಗುತ್ತಿರಲಿಲ್ಲ. 2025ರ ಫೆಬ್ರವರಿಯಲ್ಲಿ ಲೂಕಾ ಲೇಕರ್ಸ್‌ಗೆ ಹೋದ, ಆಗ ಅಲ್ಲಿ ಅಂಥ ಸೆಂಟರ್ ಇರಲಿಲ್ಲ. ಐದನೇ ಪಂದ್ಯದಲ್ಲಿ ಗೊಬೇರ್ 27 ಅಂಕ, 24 ರಿಬೌಂಡ್. ಎರಡು ಸರಣಿಗಳಲ್ಲಿ ಪ್ರಶ್ನೆಪತ್ರಿಕೆಯೇ ಬೇರೆ ಬೇರೆ, ಅಂಕ ಹೋಲಿಸಿ ಫಲವಿಲ್ಲ.

ಶೇ–ಎಡ್ವರ್ಡ್ಸ್‌ಗೆ ಎರಡೂ ಗುಣವಿದೆ, ಆದರೆ ಇನ್ನೂ ಸಮನಾಗಿಲ್ಲ. 2025ರ ವೆಸ್ಟರ್ನ್ ಫೈನಲ್ ಒಕ್ಲಹೋಮ 4–1. ಆ ಸರಣಿಯ ನಾಲ್ಕನೇ ಪಂದ್ಯ, 128–126, ನೋಡಲೇಬೇಕು. ಶೇ 40, ಎಡ್ವರ್ಡ್ಸ್ 16. ಎಡ್ವರ್ಡ್ಸ್ ಹೊಡೆದದ್ದು 13 ಸಲ ಮಾತ್ರ. ಒಕ್ಲಹೋಮದ ಡಾರ್ಟ್, ವಾಲೆಸ್, ಕರುಸೊ, ಯಾರು ಮುಂದೆ ನಿಂತರೂ ಅವರ ಹಿಂದೆ ಫ್ರೀ ಥ್ರೋ ಗೆರೆಯ ನಡುಮಧ್ಯದಲ್ಲಿ ಇನ್ನೊಬ್ಬ ಕೈ ಚಾಚಿ ನಿಂತಿರುತ್ತಿದ್ದ. ಎಡ್ವರ್ಡ್ಸ್‌ಗೆ ಬಲ ಇರುವುದು ನೇರ ನುಗ್ಗಾಟದಲ್ಲಿ. ಮೊದಲ ಡ್ರಿಬಲ್ ಇಡುವ ಜಾಗದಲ್ಲೇ ಇನ್ನೊಬ್ಬ ಕಂಡರೆ ಚೆಂಡು ಬಿಟ್ಟುಕೊಡುವುದೇ ಸರಿಯಾದ ಆಟ. ಅವನು ಬಿಟ್ಟುಕೊಟ್ಟ, ಉಳಿದವರು ಹೊಡೆದರು ಕೂಡ, 126 ಅಂಕ ಬಂತಲ್ಲ. 16 ಎಂದು ಹೀಯಾಳಿಸಿದವರು ಇದನ್ನು ನೋಡಲಿಲ್ಲ. ಆದರೆ ಬಿಟ್ಟುಕೊಟ್ಟ ಚೆಂಡನ್ನು ಅದೇ ಸರದಿಯಲ್ಲಿ ಮತ್ತೆ ಕೇಳಿ ಪಡೆಯುವುದು ಇನ್ನೊಂದು ವಿದ್ಯೆ. ಕೊಟ್ಟ ಕೂಡಲೇ ಕತ್ತರಿಸಿ ಓಡಿ, ಆ ಬದಿಯ ಮೂಲೆ ಸುತ್ತಿ ಬಂದರೆ ನಡುವೆ ನಿಂತವನು ಬೆನ್ನು ತಿರುಗಿಸಲೇಬೇಕಾಗುತ್ತದೆ. ಎಡ್ವರ್ಡ್ಸ್ ಕೊಟ್ಟ ಮೇಲೆ ನಿಂತು ನೋಡುವುದು ಜಾಸ್ತಿ.

ಶೇ ಹತ್ತಿರ ಇರುವುದು ವೇಗವಲ್ಲ, ವೇಗ ಇಳಿಸುವ ಕಲೆ. ಎಲ್ಲರೂ ಓಡುವಾಗ ಅವನು ನಿಲ್ಲುತ್ತಾನೆ, ಕಾಯುವವನು ಎರಡು ಹೆಜ್ಜೆ ಮುಂದೆ ಹೋಗಿರುತ್ತಾನೆ ಅಥವಾ ಮೈ ಮೇಲೆ ಬಿದ್ದಿರುತ್ತಾನೆ. ಅದಕ್ಕೇ ಫೌಲ್‌ಗಳ ಬಗ್ಗೆ ಅಷ್ಟು ಜಗಳ. ಮಿನೆಸೋಟದ ಮೆಕ್‌ಡ್ಯಾನಿಯಲ್ಸ್‌ನಂಥ ಉದ್ದ ಕೈಯವನು ಕೂಡ ಹಿಂದಿನಿಂದ ಬೆನ್ನು ಹತ್ತಿದರೆ ತಾಗುವುದು ತಪ್ಪದು. ಎದೆ ಮುಂದಿಟ್ಟು, ಕೈ ಮೇಲಿಟ್ಟು, ಅವನಿಗಿಂತ ಒಂದು ಹೆಜ್ಜೆ ನಿಧಾನವಾಗಿ ಜರುಗುವುದೇ ದಾರಿ. ಆ ವರ್ಷದ ಲೀಗ್ ಫೈನಲ್‌ನಲ್ಲಿ ಪೇಸರ್ಸ್‌ನ ನೆಮ್‌ಹಾರ್ಡ್ ಮಾಡಿದ್ದು ಅದನ್ನೇ, ಆರನೇ ಪಂದ್ಯದಲ್ಲಿ ಶೇಗೆ 8 ಟರ್ನೋವರ್. ಆದರೆ ನಾಲ್ಕನೆಯದರಲ್ಲಿ ಅದೇ ನೆಮ್‌ಹಾರ್ಡ್ ಇದ್ದಾಗಲೇ ಕೊನೆಯ 4 ನಿಮಿಷ 38 ಸೆಕೆಂಡಿನಲ್ಲಿ ಶೇ 15 ಅಂಕ ಹೊಡೆದು ಪಂದ್ಯ ಕಸಿದುಕೊಂಡ.

ಬೇರು ಬಿಡುವುದು ಬ್ರನ್ಸನ್–ಕನ್ನಿಂಗ್‌ಹ್ಯಾಮ್ ಎಂದು ನನ್ನ ಲೆಕ್ಕ. 2025ರ ಮೊದಲ ಸುತ್ತು ನಿಕ್ಸ್ 4–2, ಆದರೆ ಅಂತರ ನೋಡಿ: ಮೂರನೇ ಪಂದ್ಯ 118–116, ನಾಲ್ಕು 94–93, ಐದು ಡೆಟ್ರಾಯಿಟ್‌ಗೆ 106–103, ಆರು 116–113. ಆರನೆಯದರಲ್ಲಿ ಬ್ರನ್ಸನ್ ಡೆಟ್ರಾಯಿಟ್‌ನ ಆಸಾರ್ ಥಾಂಪ್ಸನ್‌ನನ್ನು ಒಂದು ಕ್ರಾಸ್‌ಓವರ್‌ನಲ್ಲಿ ಹಿಂದಕ್ಕೆ ತಳ್ಳಿ ತ್ರೀ ಹಾಕಿದಾಗ 4.3 ಸೆಕೆಂಡು ಉಳಿದಿತ್ತು. ಕೇಡ್‌ಗೆ ಆಗ 23 ವರ್ಷ, 6 ಅಡಿ 6 ಅಂಗುಲ. ಇಬ್ಬರೂ 2024ರಲ್ಲೇ ತಮ್ಮ ತಂಡಗಳ ಜೊತೆ ದೀರ್ಘ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ, ಒಂದೇ ಕಾನ್ಫರೆನ್ಸ್. ಹ್ಯಾಲಿಬರ್ಟನ್ ಫೈನಲ್‌ನ ಏಳನೇ ಪಂದ್ಯದಲ್ಲಿ ಬಲಗಾಲಿನ ಅಕಿಲೀಸ್ (ಹಿಮ್ಮಡಿಯ ಸ್ನಾಯುರಜ್ಜು) ಹರಿದುಕೊಂಡು 2025–26 ಪೂರ್ತಿ ಹೊರಗೆ, ಟರ್ನರ್ ಮಿಲ್ವಾಕಿಗೆ ಹೋದ. ಬ್ರನ್ಸನ್‌ನನ್ನು ಎಳೆದಾಡಿದ ಆ ಐವರ ಜೋಡಣೆ ಇನ್ನಿಲ್ಲ.

ಹಳೇ ಕ್ಯಾಸೆಟ್:

94–93ರ ಕೊನೆಯಲ್ಲಿ ಮೂಲೆಯಲ್ಲಿ ಡೆಟ್ರಾಯಿಟ್‌ನ ಹಾರ್ಡವೇಗೆ ಹಾರ್ಟ್ ತಾಗಿದ್ದು ಫೌಲ್ ಆಗಬೇಕಿತ್ತೆಂದು ರೆಫರಿಗಳೇ ಪಂದ್ಯದ ನಂತರ ಒಪ್ಪಿಕೊಂಡರು. ಡೆಟ್ರಾಯಿಟ್‌ನವರು ಅದನ್ನು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಸ್ಟಾರ್ಕ್ಸ್‌ನ ತಲೆಗುದ್ದು ಇದ್ದ ಹಾಗೆ ಇವರಿಗೊಂದು ಸಿಕ್ಕಿತು.

ಎಡಗೈ ಫ್ಲೋಟರ್:

ಹಾಗಾದ್ರೆ ಕೇಡ್ ಎದುರು ಬ್ರನ್ಸನ್‌ನ ಬಚ್ಚಿಡೋದು ಪೇಸರ್ಸ್ ಎದುರಿಗಿಂತ ಸುಲಭ ಆಗಿತ್ತಾ? ಹಾಳೆ ಅಲ್ಲಿಂದಲೇ ಶುರು ಮಾಡೋಣ ಅಂತ.

ಸ್ಕ್ರೀನ್ ಮೇಷ್ಟ್ರು:

ಸುಲಭವೇ. ಥಾಂಪ್ಸನ್ ದೂರದಿಂದ ಹೊಡೆಯುವವನಲ್ಲ, ಹಾಗಾಗಿ ಅವನನ್ನು ಕಾಯುವವನು ಯಾರೇ ಇರಲಿ, ಪೇಂಟ್‌ಗೆ ಇಳಿದು ಬ್ರನ್ಸನ್‌ಗೆ ಆಸರೆಯಾಗಬಹುದಿತ್ತು. ಆರನೇ ಪಂದ್ಯದ ನಾಲ್ಕನೇ ಕ್ವಾರ್ಟರ್‌ನಿಂದ ಶುರು ಮಾಡಿ. ಥಾಂಪ್ಸನ್ ಅಂಕಣದಲ್ಲಿರುವ ಸರದಿಗಳು ಒಂದು ಕಡೆ, ಅವನು ಬೆಂಚಿನಲ್ಲಿದ್ದು ಹೊಡೆಯುವವರೇ ತುಂಬಿರುವ ಸರದಿಗಳು ಇನ್ನೊಂದು ಕಡೆ. ಬ್ರನ್ಸನ್‌ನ ಖರ್ಚಿನ ಗೆರೆಗಳನ್ನು ಎರಡರಲ್ಲೂ ಬೇರೆ ಬೇರೆ ಎಣಿಸಿ ಇಲ್ಲಿ ಹಾಕಿ.